ಡಿಂಪ್ನಾಳ ಗಂಡ

ಡಿಂಪ್ನಾ ಲವೆಲ್‌ಗೆ ಗಂಡನಿದ್ದಾನೆ ಎಂದು ನಮ್ಮೂರು ಗ್ಲಾನ್‌ಬೆಗ್‌ನಲ್ಲಿ ನಂಬಿದ್ದವಳು ಡಿಂಪ್ನಾ ಒಬ್ಬಳೇ. ಕೋರ್ಟು ಅವಳಿಗೆ ವಿಚ್ಛೇದನ ಕೊಟ್ಟಿತ್ತು, ಅವಳು ಕೇಳದಿದ್ದರೂ. ಫೆಸ್ಟಸ್ ಲವೆಲ್ ಬ್ಯಾಲಿನಾ ಪೇಟೆಯ ನೋಂದಣಿ ಕಚೇರಿಯಲ್ಲಿ ಔಷಧಿ ಅಂಗಡಿಯ ಇಮೆಲ್ಡಾಳ ಪಕ್ಕ ನಿಂತು ಎರಡನೇ ಮದುವೆ ಮಾಡಿಕೊಂಡಿದ್ದ. ಡಿಂಪ್ನಾಳ ಸ್ವಂತ ತಂಗಿಯೇ, ಆದದ್ದು ಆಗಿಹೋಯಿತು, ಇನ್ನು ಆ ಉಂಗುರ ತೆಗೆದಿಡು ಎಂದಿದ್ದಳು. ಬೆರಳು ದಪ್ಪವಾಗಿ ಉಂಗುರ ಮಾಂಸದೊಳಗೆ ಹೂತುಕೊಂಡಿತ್ತು. ತೆಗೆಯಬೇಕೆಂದರೆ ಅಕ್ಕಸಾಲಿಗನೇ ಕತ್ತರಿಸಬೇಕು.

"ಬೇಕಾದ್ರೆ ಬೆರಳು ಕತ್ತರಿಸ್ಲಿ," ಎಂದಳು ಡಿಂಪ್ನಾ.

ನಾನು ಅವಳ ಪಕ್ಕದ ಮನೆಯವಳು. ನಮ್ಮಿಬ್ಬರ ಹಿತ್ತಲ ನಡುವೆ ಎದೆಯೆತ್ತರದ ಕಲ್ಲುಗೋಡೆ ಇದೆ. ಮೂವತ್ತು ವರ್ಷಗಳಿಂದ ಅವಳ ಸಿಟ್ಟೆಲ್ಲ ಆ ಗೋಡೆಯ ಮೇಲಿನಿಂದಲೇ ನನ್ನ ಕಡೆ ಬಂದಿದೆ. ಅದು ಕಣ್ಣೀರಾಗುವ ಸಿಟ್ಟಲ್ಲ, ಕೆಲಸ ಮಾಡುವ ಸಿಟ್ಟು. ಸಿಟ್ಟಿನಲ್ಲೇ ಅವಳು ರೊಟ್ಟಿಯ ಹಿಟ್ಟು ನಾದುತ್ತಿದ್ದಳು, ಸಿಟ್ಟಿನಲ್ಲೇ ಕೋಳಿಗಳಿಗೆ ಕಾಳು ಎಸೆಯುತ್ತಿದ್ದಳು. ಸಂಜೆ ಒಲೆಯ ಮುಂದೆ ಮೊಣಕಾಲೂರಿ ಜಪಸರ ಹೇಳುವಾಗಲೂ ಮಣಿಗಳು ಅವಳ ಬೆರಳುಗಳ ನಡುವೆ ಬಟಾಣಿ ಬಿಡಿಸಿದ ಹಾಗೆ ಒಂದರ ಹಿಂದೊಂದು ಉದುರುತ್ತಿದ್ದವು. ಆ ಪ್ರಾರ್ಥನೆಯಲ್ಲಿ ಫೆಸ್ಟಸ್‌ನ ಹೆಸರೂ ಇರುತ್ತಿತ್ತು. ಹೆಂಡತಿ ಗಂಡನಿಗಾಗಿ ಪ್ರಾರ್ಥಿಸಬೇಕು, ಅದು ನಿಯಮ. ಅವಳು ಪ್ರಾರ್ಥಿಸುತ್ತಿದ್ದಳು, ಹಲ್ಲು ಕಚ್ಚಿ.

ಒಮ್ಮೆ ಮಂಡಿನೋವಿಗೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಹೆಸರು, ವಯಸ್ಸು ಕೇಳಿದ ಹುಡುಗಿ ಕಂಪ್ಯೂಟರಿನಿಂದ ತಲೆ ಎತ್ತದೆ, ವಿಚ್ಛೇದಿತೆ ಎಂದು ಹಾಕಿಕೊಳ್ಳಲೇ ಎಂದಳು.

"ಮದುವೆಯಾದವಳು ಅಂತ ಹಾಕ್ಕೋ."

"ಯಜಮಾನರು ಜೊತೇಲಿದ್ದಾರಾ ಆಂಟಿ?"

"ಇಲ್ಲ. ಪಾಪದಲ್ಲಿದ್ದಾನೆ. ಅದಕ್ಕೊಂದು ಜಾಗ ಇದ್ರೆ ಅಲ್ಲಿ ಹಾಕ್ಕೋ."

ಹುಡುಗಿ ನಕ್ಕಳು. ನಾನೂ ನಕ್ಕೆ. ಡಿಂಪ್ನಾ ನಗಲಿಲ್ಲ. ಬರುವಾಗ ಕಾರಿನಲ್ಲಿ ಅವಳು ಕಿಟಕಿಯ ಆಚೆ ನೋಡುತ್ತ ಕುಳಿತಿದ್ದಳು. ದಾರಿಯುದ್ದಕ್ಕೂ ಮಳೆ ನೆನೆದ ಕುರಿಗಳು, ಅವುಗಳ ಬೆನ್ನಿನ ಮೇಲೆ ಯಾರು ಯಾರದ್ದೋ ಗುರುತಿನ ಬಣ್ಣ.

ಮೂರು ಧರ್ಮಕೇಂದ್ರಗಳನ್ನು ಒಂದೇ ಕಾರಿನಲ್ಲಿ ಸುತ್ತುವ ನಮ್ಮ ಫಾದರ್ ಟಿಯರ್ನಿ ಕೆಟ್ಟವರಲ್ಲ. ಯಾರ ಮನಸ್ಸೂ ನೋಯಬಾರದು ಅನ್ನುವವರು. ಅವರು ಡಿಂಪ್ನಾಳ ಮನೆಗೆ ಬಂದು, ಬಿಷಪ್ಪರ ನ್ಯಾಯಮಂಡಳಿಗೆ ಅರ್ಜಿ ಹಾಕಿದರೆ ಈ ಮದುವೆ ಮೊದಲಿನಿಂದಲೂ ಊರ್ಜಿತವಾಗಿರಲಿಲ್ಲ ಎಂದು ತೀರ್ಪು ಸಿಗಬಹುದು, ಮಕ್ಕಳೂ ಆಗಿಲ್ಲವಲ್ಲ, ಫೆಸ್ಟಸ್ ಆಗ ಬಹಳ ಎಳೆಯನಿದ್ದನಲ್ಲ, ಆಮೇಲೆ ನಿಮಗೂ ನೆಮ್ಮದಿ, ಅವರಿಗೂ ನೆಮ್ಮದಿ ಎಂದರು.

"ಮದುವೆ ಆಗಿತ್ತು ಫಾದರ್," ಎಂದಳು ಡಿಂಪ್ನಾ. "ನಾನಲ್ಲೇ ಇದ್ದೆ."

"ದೇವರು ಅಷ್ಟೆಲ್ಲ ಲೆಕ್ಕ ಇಡಲ್ಲ ಡಿಂಪ್ನಾ."

"ಅವನು ಇಡದಿದ್ರೆ ನಾನಿಡ್ತೀನಿ ಬಿಡಿ."

ಇಷ್ಟಾದರೂ ಫೆಸ್ಟಸ್ ಬ್ಯಾಲಿನಾದಲ್ಲೇ ಇದ್ದಿದ್ದರೆ ಈ ಕತೆ ಇರುತ್ತಿರಲಿಲ್ಲ. ಅವನು ಡಿಂಪ್ನಾಳ ತಂದೆಯ ಮನೆಗೆ ಅಳಿಯನಾಗಿ ಬಂದು ನೆಲೆಸಿದ್ದವನು. ಬಿಟ್ಟು ಹೋದಾಗ ಮನೆ ಅವಳಿಗೇ ಉಳಿದಿತ್ತು. ಆದರೆ ಅವನ ತಾಯಿಯ ತುಂಡು ಹೊಲ ಇದೇ ರಸ್ತೆಯ ತಿರುವಿನಲ್ಲಿತ್ತು. ತಾಯಿ ತೀರಿಕೊಂಡ ಮೇಲೆ ಅವನು ಇಮೆಲ್ಡಾಳನ್ನು ಕರೆದುಕೊಂಡು ಬಂದ, ಆ ಹೊಲದಲ್ಲಿ ದೊಡ್ಡ ದೊಡ್ಡ ಗಾಜಿನ ಕಿಟಕಿಗಳ ಮನೆ ಕಟ್ಟಿಸಿದ. ಡಿಂಪ್ನಾಳ ಅಡುಗೆಮನೆಯಿಂದ ನೋಡಿದರೆ ಆ ಕಿಟಕಿಗಳಲ್ಲಿ ಸೂರ್ಯ ಮುಳುಗುವುದು ಕಾಣುತ್ತದೆ.

ನಾವೆಲ್ಲ ಏನು ಮಾಡಿದೆವು? ಇಬ್ಬರಿಗೂ ನಮಸ್ಕಾರ ಹೇಳಿದೆವು. ಕಾಲ ಬದಲಾಗಿದೆ ಎಂದೆವು. ಫೆಸ್ಟಸ್ ಹೆಂಡದಂಗಡಿಯಲ್ಲಿ ನಗಿಸಿದರೆ ನಕ್ಕೆವು, ಡಿಂಪ್ನಾ ದಾರಿಯಲ್ಲಿ ಬಂದರೆ ಮಾತು ಬದಲಿಸಿದೆವು. ನಮ್ಮಲ್ಲಿ ಯಾರೂ ಅವನಿಗೆ, ನೀನು ಮಾಡಿದ್ದು ತಪ್ಪು ಎನ್ನಲಿಲ್ಲ. ಬಿಟ್ಟು ಹೋದವನನ್ನು ಬಿಟ್ಟು, ಬಿಡದೆ ಉಳಿದವಳನ್ನು ಹಟಮಾರಿ ಎಂದು ಕರೆದ ಊರು ನಮ್ಮದು. ಅದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಇನ್ನು ಸರದಿಪೂಜೆಯ ವಿಷಯ. ವರ್ಷಕ್ಕೆ ಎರಡು ಸಲ, ವಸಂತದಲ್ಲೊಮ್ಮೆ, ಸುಗ್ಗಿ ಮುಗಿದ ಮೇಲೊಮ್ಮೆ, ಫಾದರ್ ನಮ್ಮ ರಸ್ತೆಯ ಒಂದು ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ರೊಟ್ಟಿ, ದ್ರಾಕ್ಷಾರಸದ ಬಲಿಪೂಜೆ ಅರ್ಪಿಸುತ್ತಾರೆ. ಒಂದು ಮನೆಯಾದ ಮೇಲೆ ಇನ್ನೊಂದು, ರಸ್ತೆಯಲ್ಲಿದ್ದ ಕ್ರಮದಲ್ಲೇ ಸರದಿ. ಆಗಿನ ಸರಕಾರ ನಮಗೆ ಇಗರ್ಜಿ ಕಟ್ಟಲು ಬಿಡದೆ ಪಾದ್ರಿಗಳ ಹಿಂದೆ ಸೈನಿಕರನ್ನು ಅಟ್ಟಿದ್ದ ಕಾಲದಲ್ಲಿ ಹುಟ್ಟಿದ ಪದ್ಧತಿಯಂತೆ. ಇಗರ್ಜಿ ಕಟ್ಟಿದ ಮೇಲೂ ನಾವು ಬಿಡಲಿಲ್ಲ. ಸರದಿ ಬಂದ ಮನೆಯವರು ಗೋಡೆಗಳಿಗೆಲ್ಲ ಬಣ್ಣ ಹೊಡೆಸುತ್ತಾರೆ. ಗ್ಲಾನ್‌ಬೆಗ್‌ಗೆ ಬಂದಾಗಲೆಲ್ಲ ದೇವರಿಗೆ ಹಸಿ ಬಣ್ಣದ ವಾಸನೆಗೆ ತಲೆನೋವು ಬರುತ್ತೆ ಎಂದು ನಮ್ಮ ರಸ್ತೆಯ ಟೋಮೀನ್ ಗಿಂಟಿ ಹೇಳುತ್ತಿರುತ್ತಾನೆ. ಜಗಳವಾಡಿಕೊಂಡ ಮನೆಯಾದರೂ ಆ ದಿನ ಹೋಗಲೇಬೇಕು. ಬೇಲಿ ಕಿತ್ತವನ ಮನೆಯಲ್ಲೂ ಮೊಣಕಾಲೂರಬೇಕು, ಆಮೇಲೆ ಅಲ್ಲೇ ತಿಂಡಿ ತಿನ್ನಬೇಕು.

ಪೂಜೆಯ ಸಾಮಾನು ಒಂದು ಮರದ ಪೆಟ್ಟಿಗೆಯಲ್ಲಿರುತ್ತದೆ: ನಾರುಬಟ್ಟೆಯ ಮೇಜುಹೊದಿಕೆ, ಹಿತ್ತಾಳೆಯ ಎರಡು ಮೇಣದಬತ್ತಿ ಕಂಬ, ಶಿಲುಬೆ, ತೀರ್ಥದ ಸೀಸೆ. ಪೂಜೆ ಮುಗಿದ ಮನೆಯ ಹೆಂಗಸು ಮುಂದಿನ ಪೂಜೆಯೊಳಗೆ ಆ ಪೆಟ್ಟಿಗೆಯನ್ನು ಮುಂದಿನ ಮನೆಗೆ ತಾನೇ ಹೊತ್ತುಕೊಂಡು ಹೋಗಿ, "ದೇವರು ಈ ಮನೇಲಿರ್ಲಿ" ಎಂದು ಹೇಳಿ, ಆ ಮನೆಯ ಹೆಂಗಸಿನ ಕೈಗೇ ಕೊಡಬೇಕು. ಗಂಡಸರು ಮುಟ್ಟುವಂತಿಲ್ಲ.

ಆ ವರ್ಷ ವಸಂತದ ಪೂಜೆ ಡಿಂಪ್ನಾಳ ಮನೆಯಲ್ಲಾಯಿತು. ಕೊನೆಗೆ ಫಾದರ್ ಟಿಯರ್ನಿ ತಮ್ಮ ಕನ್ನಡಕ ಸರಿಮಾಡಿಕೊಂಡು, ಮುಂದಿನ ಪೂಜೆ ಲವೆಲ್ ಅವರ ಮನೆಯಲ್ಲಿ ಎಂದರು.

"ಇದೇ ಲವೆಲ್ ಮನೆ ಫಾದರ್," ಎಂದ ಟೋಮೀನ್.

"ಇನ್ನೊಂದು ಲವೆಲ್ ಮನೆ," ಎಂದರು ಫಾದರ್, ಗೋಡೆ ನೋಡುತ್ತ.

ರಸ್ತೆಯಲ್ಲಿ ಉಳಿದಿರುವುದು ಏಳೇ ಮನೆ. ಡಿಂಪ್ನಾಳ ಮನೆಯಾದ ಮೇಲೆ ಟೋಮೀನ್‌ನದು ಬರಬೇಕಿತ್ತು. ಅವನು ಒಂಟಿ, ಎರಡು ವರ್ಷದಿಂದ ಅಣ್ಣನ ಮಗನ ಮನೆ ಸೇರಿಕೊಂಡಿದ್ದ. ಅದು ಬಿಟ್ಟರೆ ತಿರುವಿನ ಹೊಸ ಮನೆಯೇ, ಅಲ್ಲಿಗೆ ಸರದಿ ಬಂದದ್ದು ಇದೇ ಮೊದಲು. ಅದಾದ ಮೇಲೆ ಸರದಿ ಸುತ್ತಿಕೊಂಡು ನಮ್ಮ ಮನೆಗೆ.

ಬೇಸಿಗೆಯಿಡೀ ಊರಿಗೆ ಅದೇ ಮಾತು. ಡಿಂಪ್ನಾ ಪೆಟ್ಟಿಗೆ ಕೊಡುತ್ತಾಳೋ ಇಲ್ಲವೋ. ಕೊಟ್ಟರೆ, ಇಷ್ಟು ವರ್ಷ ಇಲ್ಲ ಎಂದದ್ದನ್ನು ಹೌದು ಎಂದ ಹಾಗೆ: ಆ ಮನೆಗೊಬ್ಬ ಹೆಂಗಸಿದ್ದಾಳೆ, ಅವಳು ಇಮೆಲ್ಡಾ. ಕೊಡದಿದ್ದರೆ, ಸರದಿ ಅಲ್ಲಿಗೇ ಮುರಿಯುತ್ತದೆ. ಫಾದರ್‌ಗೆ ಅದೇನೂ ಬೇಸರದ ಮಾತಾಗಿರಲಿಲ್ಲ. ಅವರು ಒಂದು ದಿನ ಬಂದು, ನಿಮಗೆ ಕಷ್ಟವಾಗುವುದಾದರೆ ಸಮುದಾಯ ಭವನದಲ್ಲಿ ಒಂದೇ ಪೂಜೆ ಇಟ್ಟುಕೊಳ್ಳೋಣ, ಎಲ್ಲ ಊರಿನವರೂ ಸೇರಿ, ಜೊತೆಗೆ ಟೀ ಬಿಸ್ಕತ್ತು, ಮನೆಮನೆಯ ಈ ತಾಪತ್ರಯವೇ ಬೇಡ ಎಂದು ಹೇಳಿ ಹೋದರು.

ಡಿಂಪ್ನಾ ಗೋಡೆಯ ಹತ್ತಿರ ಬಂದಾಗ ಅವಳ ಮುಖ ಕೆಂಡವಾಗಿತ್ತು.

"ಕೇಳಿದ್ಯಾ ಬ್ರೀಜಿ? ಸೈನಿಕರು ಹುಡುಕ್ಕೊಂಡು ಬಂದಾಗ ನಿಲ್ಲದ ಪೂಜೆ, ನನ್ನ ಹೆಸರು ಹೇಳಿ ನಿಲ್ಲಿಸ್ತಾರಂತೆ. ಬಿಸ್ಕತ್ತಂತೆ."

ಹಾಗಾದರೆ ಪೆಟ್ಟಿಗೆ ಕೊಟ್ಟುಬಿಡು, ಒಂದು ನಿಮಿಷದ ಕೆಲಸ, ಕೊಟ್ಟು ತಿರುಗಿ ನೋಡದೆ ಬಾ, ಬೇಕಾದರೆ ನಾನೂ ಬರುತ್ತೇನೆ ಎಂದೆ.

"ಯಾರ ಕೈಗೆ ಕೊಡ್ಲಿ?"

"ಆ ಮನೆ ಹೆಂಗಸಿನ ಕೈಗೆ."

ಅವಳು ಗೋಡೆಯ ಕಲ್ಲಿನ ಮೇಲಿದ್ದ ಪಾಚಿಯನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಆಮೇಲೆ, ನನಗಲ್ಲ, ಕಲ್ಲಿಗೆ ಹೇಳುವವಳ ಹಾಗೆ ಹೇಳಿದಳು.

"ಅವನು ನನ್ನ ಗಂಡ ಅಂದ್ಮೇಲೆ ಆ ಮನೆ ಹೆಂಗಸು ನಾನೇ ಅಲ್ವೇನೇ?"

ಪೂಜೆಯ ದಿನ ಬೆಳಿಗ್ಗೆ ಅವಳು ಏಪ್ರನ್ ಕಟ್ಟಿಕೊಂಡೇ ಮನೆಯಿಂದ ಹೊರಟಳು. ಪೆಟ್ಟಿಗೆ ಎರಡೂ ಕೈಯಲ್ಲಿ, ತೋಳಿಗೆ ನೇತುಹಾಕಿದ ಬುಟ್ಟಿಯಲ್ಲಿ ತಾನೇ ಬೇಯಿಸಿದ ಸೋಡಾ ರೊಟ್ಟಿ. ನಾನು ಹಿಂದೆ ಹಿಂದೆ ಹೋದೆ. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು, ಅವಳ ತಲೆವಸ್ತ್ರದ ತುದಿ ಚಾಟಿಯ ಹಾಗೆ ಬಡಿಯುತ್ತಿತ್ತು. ನನಗೆ ಹೆದರಿಕೆಯಾಗಿತ್ತು, ನಿಜ ಹೇಳಬೇಕೆಂದರೆ ಸ್ವಲ್ಪ ಖುಷಿಯೂ ಆಗಿತ್ತು.

ಬಾಗಿಲು ತೆಗೆದವಳು ಇಮೆಲ್ಡಾ. ತೆಳ್ಳಗಿನ ಹೆಂಗಸು, ಔಷಧಿ ಅಂಗಡಿಯಲ್ಲಿ ನಿಂತು ನಿಂತು ಭುಜ ಮುಂದಕ್ಕೆ ಬಾಗಿತ್ತು. ಪೆಟ್ಟಿಗೆ ತೆಗೆದುಕೊಳ್ಳಲು ಕೈ ಚಾಚಿದಳು.

"ದೇವರು ಈ ಮನೇಲಿರ್ಲಿ," ಎಂದ ಡಿಂಪ್ನಾ ಅವಳ ಕೈಗಳ ಪಕ್ಕದಿಂದಲೇ ಒಳಗೆ ನಡೆದಳು. ನೇರ ಅಡುಗೆಮನೆಗೆ. ಮೇಜಿನ ಮೇಲಿದ್ದ ಹಣ್ಣಿನ ಬುಟ್ಟಿ ಎತ್ತಿ ಕೆಳಗಿಟ್ಟಳು, ನಾರುಬಟ್ಟೆ ಹಾಸಿದಳು, ಅಂಗೈಯಿಂದ ಸುಕ್ಕು ತೀಡಿದಳು, ಕಂಬಗಳನ್ನು ಇಟ್ಟಳು. ಆ ಮನೆಗೆ ಒಂದು ದಿನವೂ ಕಾಲಿಟ್ಟವಳಲ್ಲ. ಆದರೂ ಎಲ್ಲ ತನ್ನದೇ ಎಂಬ ಹಾಗೆ ಕಪಾಟು ತೆರೆದು ಬಿಳಿ ತಟ್ಟೆ ಹುಡುಕಿದಳು.

ಫೆಸ್ಟಸ್ ಒಳಗಿನಿಂದ ಬಂದ, ಕಿವಿಯ ಹತ್ತಿರ ಗಡ್ಡದ ಸೋಪು ಹಾಗೇ ಇತ್ತು. ಅರುವತ್ತು ದಾಟಿದ್ದರೂ ಅವನಿಗೆ ಹುಡುಗರ ನಗೆ. ಆ ನಗೆಯಿಂದಲೇ ಅವನು ಜೀವನವಿಡೀ ಪಾರಾಗಿದ್ದು.

"ಏನಿದು ಡಿಂಪ್ನಾ, ಬೆಳಬೆಳಿಗ್ಗೆ ದಾಳಿ?"

"ನನ್ನ ಗಂಡನ ಮನೇಲಿ ಪೂಜೆ. ಮೇಜು ಯಾರು ಹಾಸ್ಬೇಕು, ಹೇಳು."

ಅವನು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ನಾನು ಮುಖ ತಿರುಗಿಸಿದೆ. ನಂತರ ಇಮೆಲ್ಡಾ ಕಡೆ ತಿರುಗಿ, ನೀನಾದರೂ ಏನಾದರೂ ಹೇಳು ಎಂಬಂತೆ ಕೈ ಬಿಚ್ಚಿದ.

"ಹಾಸ್ಲಿ ಬಿಡಿ," ಎಂದಳು ಇಮೆಲ್ಡಾ. ಅಷ್ಟು ಹೇಳಿ, ಡಿಂಪ್ನಾಳಿಗೆ ಸಿಗದಿದ್ದ ಬಿಳಿ ತಟ್ಟೆಯನ್ನು ಮೇಲಿನ ಕಪಾಟಿನಿಂದ ತೆಗೆದು ಮೇಜಿನ ಅಂಚಿನಲ್ಲಿಟ್ಟಳು.

ಫಾದರ್ ಬಂದಾಗ ಬಾಗಿಲಲ್ಲಿ ಎದುರುಗೊಂಡವಳೂ ಡಿಂಪ್ನಾಳೇ. ಅವರ ಕನ್ನಡಕದ ಹಿಂದೆ ಕಣ್ಣುಗಳು ಒಮ್ಮೆ ಅವಳನ್ನು, ಒಮ್ಮೆ ಮನೆಯನ್ನು ನೋಡಿದವು. ತಾವು ತಪ್ಪು ಮನೆಗೆ ಬಂದೆವೋ ಎಂದು ಒಂದು ಗಳಿಗೆ ಅವರಿಗೆ ನಿಜವಾಗಿಯೂ ಅನ್ನಿಸಿರಬೇಕು.

ಪೂಜೆಗೆ ಮೊದಲು ಫಾದರ್ ಮುಂದಿನ ಕೋಣೆಯಲ್ಲಿ ಕುಳಿತು ಒಬ್ಬೊಬ್ಬರ ಪಾಪನಿವೇದನೆ ಕೇಳುತ್ತಾರೆ. ಡಿಂಪ್ನಾ ಒಳಗೆ ಹೋದಳು. ಅಲ್ಲಿ ನಡೆದದ್ದನ್ನು ಫಾದರ್ ಯಾರಿಗೂ ಹೇಳುವಂತಿಲ್ಲ. ಆದರೆ ಡಿಂಪ್ನಾ ಹೇಳಬಹುದು, ಅದೇ ಸಂಜೆ ಗೋಡೆಯ ಹತ್ತಿರ ನನಗೆ ಹೇಳಿದಳು. ಮನಸ್ಸಿನಲ್ಲಿ ಗಂಡನ ಮೇಲೆ, ಆ ಹೆಂಗಸಿನ ಮೇಲೆ ದ್ವೇಷವಿದೆ ಎಂದು ಒಪ್ಪಿಕೊಂಡಳಂತೆ. ಅದು ಸಹಜ, ನಿಮ್ಮ ಜಾಗದಲ್ಲಿ ಯಾರಿದ್ದರೂ ಹಾಗೇ ಅನ್ನಿಸುತ್ತದೆ, ಪಾಪವೆಂದು ಕೊರಗಬೇಡಿ ಎಂದರಂತೆ ಫಾದರ್. ಪಾಪವೋ ಅಲ್ಲವೋ ಎಂದು ನಿಮ್ಮನ್ನು ಕೇಳಲಿಲ್ಲ, ಪಾಪ ಎಂದು ಹೇಳಲು ಬಂದಿದ್ದೇನೆ, ಕೇಳಿಸಿಕೊಳ್ಳುತ್ತೀರೋ ಇಲ್ಲವೋ ಎಂದಳಂತೆ ಇವಳು. ಸರಿ, ಕ್ಷಮಾಪಣೆ ಕೊಡುತ್ತೇನೆ ಎಂದು ಅವರು ಕೈ ಎತ್ತಿದರು.

"ಕೈ ಇಳಿಸಿ ಫಾದರ್ ಅಂದೆ," ಎಂದಳು ಡಿಂಪ್ನಾ. "ನಂಗೆ ಪಶ್ಚಾತ್ತಾಪ ಆಗಿಲ್ಲ. ಆಗದೆ ಇರೋವಾಗ ಹೇಗೆ ಕೊಡ್ತೀರಿ? ನೀವು ಕೊಟ್ರೂ ನಾನು ತಗೊಳಲ್ಲ ಅಂದೆ."

ಹೀಗೆ ಕ್ಷಮೆ ಇಲ್ಲದೆ ಹೊರಗೆ ಬಂದವಳು ಒಲೆಯ ಪಕ್ಕದ ಬೆಂಚಿನಲ್ಲಿ ಕುಳಿತಳು. ಪೂಜೆ ಶುರುವಾಯಿತು. ಹಸಿ ಬಣ್ಣದ ವಾಸನೆ, ಒಲೆಯಲ್ಲಿ ಪೀಟ್ ಮಣ್ಣಿನ ಹೆಂಟೆ ಉರಿಯುವ ವಾಸನೆ, ಮೇಣದ ವಾಸನೆ. ಆ ದೊಡ್ಡ ಕಿಟಕಿಯಲ್ಲಿ ಸಮುದ್ರ ಬೂದುಬಣ್ಣದ ಕಂಬಳಿಯಂತೆ ಏಳುತ್ತ ಬೀಳುತ್ತ ಇತ್ತು. ಫಾದರ್ ಪೂಜೆಯ ರೊಟ್ಟಿಯನ್ನು ಎತ್ತಿ ಹಿಡಿದಾಗ ಎಲ್ಲರ ತಲೆಗಳೂ ಬಾಗಿದವು. ಯಾರ ಮನೆ, ಯಾರ ಮೇಜು ಎಂಬುದೆಲ್ಲ ಆ ಗಳಿಗೆಯಲ್ಲಿ ನನಗೂ ಮರೆತಿತ್ತು.

ಆ ರೊಟ್ಟಿಯನ್ನು ಹಂಚುವ ಪರಮಪ್ರಸಾದದ ಹೊತ್ತು. ಮನೆಯವರು ಮೊದಲು ಎದ್ದು ಬರುವುದು ಪದ್ಧತಿ. ಫಾದರ್ ಫೆಸ್ಟಸ್‌ನ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿದರು, ಪರವಾಗಿಲ್ಲ ಬಾ ಎಂಬ ಹಾಗೆ. ಹೆಂಡತಿ ಬದುಕಿರುವಾಗ ಇನ್ನೊಬ್ಬಳ ಜೊತೆ ಸಂಸಾರ ಮಾಡುವವನು ಪರಮಪ್ರಸಾದ ತೆಗೆದುಕೊಳ್ಳುವಂತಿಲ್ಲ ಎಂದು ನಮಗೆಲ್ಲ ಏಳನೇ ವಯಸ್ಸಿನಲ್ಲೇ ಕಲಿಸಿದ್ದರು, ಅವನಿಗೂ ಕಲಿಸಿದ್ದರು. ಫೆಸ್ಟಸ್ ಎದ್ದ. ಅದೇ ಹುಡುಗನ ಮುಖ ಹೊತ್ತು ಹೋಗಿ ನಾಲಗೆ ಚಾಚಿ ತೆಗೆದುಕೊಂಡ. ತಿರುಗಿ ಬರುವಾಗ ಅವನಿಗೆ ಗೊತ್ತಾಯಿತು, ಇಮೆಲ್ಡಾ ತನ್ನ ಹಿಂದೆ ಬಂದಿಲ್ಲ.

ಅವಳು ಬಾಗಿಲ ಪಕ್ಕ ಮೊಣಕಾಲೂರಿ ಕುಳಿತೇ ಇದ್ದಳು, ಎರಡು ಕೈಗಳನ್ನು ಎದೆಗೆ ಅಡ್ಡ ಕಟ್ಟಿಕೊಂಡು. ಫಾದರ್ ಅವಳಿಗೂ ತಲೆಯಾಡಿಸಿದರು. ಅವಳು ಕಣ್ಣು ಮುಚ್ಚಿದಳು.

ನಾವು ಒಬ್ಬೊಬ್ಬರಾಗಿ ಹೋಗಿ ಬಂದೆವು. ಬೆಂಚಿನಲ್ಲಿ ಡಿಂಪ್ನಾ ಅಲುಗಲಿಲ್ಲ. ಕ್ಷಮೆ ಪಡೆಯದೆ ಪಾಪ ಹೊತ್ತವರು ಪರಮಪ್ರಸಾದ ಮುಟ್ಟುವಂತಿಲ್ಲ. ಆ ಅಡುಗೆಮನೆಯಲ್ಲಿ ದೇವರ ಹತ್ತಿರ ಹೋಗದೆ ಉಳಿದವರು ಇಬ್ಬರು ಹೆಂಗಸರು, ಆ ಮೂಲೆಗೊಬ್ಬಳು, ಈ ಮೂಲೆಗೊಬ್ಬಳು. ಇಬ್ಬರ ಬದುಕನ್ನೂ ಹಾಳು ಮಾಡಿದವನು ನಡುವೆ ನಿಂತು ಭಕ್ತಿಯಿಂದ ಬಾಯಿ ಮುಚ್ಚಿ ನುಂಗುತ್ತಿದ್ದ. ನಾನು ಇಗರ್ಜಿಯಲ್ಲಿ, ಪೂಜೆಯಲ್ಲಿ ಎಂದೂ ಸಿಟ್ಟಾದವಳಲ್ಲ. ಆ ದಿನ ಪರಮಪ್ರಸಾದ ಬಾಯಲ್ಲಿರುವಾಗಲೇ ಸಿಟ್ಟು ಬಂತು. ತಲೆಯಾಡಿಸಿದ ಫಾದರ್ ಮೇಲೆ ಬಂತು, ಹೋಗಿ ತೆಗೆದುಕೊಂಡವನ ಮೇಲೆ ಬಂತು, ಏನೂ ನೋಡದವರ ಹಾಗೆ ಬೂಟಿನ ತುದಿ ನೋಡುತ್ತ ನಿಂತ ನಮ್ಮೆಲ್ಲರ ಮೇಲೂ ಬಂತು.

ತಿಂಡಿಗೆ ಕುಳಿತಾಗ ಟೀ ಸುರಿದವಳು ಡಿಂಪ್ನಾ. ಮೊದಲು ಫಾದರ್‌ಗೆ, ಆಮೇಲೆ ಮುದುಕರಿಗೆ, ಆಮೇಲೆ ಸಾಲಾಗಿ ಎಲ್ಲರಿಗೆ. ಫೆಸ್ಟಸ್ ಕಪ್ಪು ಮುಂದೆ ಮಾಡಿದ. ಅವಳು ಅವನ ಕಪ್ಪನ್ನು ಬಿಟ್ಟು ಪಕ್ಕದ ಕಪ್ಪಿಗೆ ಸುರಿದಳು. ಅವನು ಮತ್ತೆ ಮುಂದೆ ಮಾಡಿದ, ಅವಳು ಮತ್ತೆ ದಾಟಿ ಹೋದಳು. ಟೋಮೀನ್ ಕೆಮ್ಮಿದ. ಕೊನೆಗೆ ಅವಳು ಇಮೆಲ್ಡಾಳ ಮುಂದೆ ಬಂದು ನಿಂತಳು.

"ನೀನ್ಯಾಕೆ ಹೋಗ್ಲಿಲ್ಲ?"

ಇಮೆಲ್ಡಾ ತಟ್ಟೆಗಳನ್ನು ಪೇರಿಸುತ್ತಿದ್ದವಳು ನಿಲ್ಲಿಸಲಿಲ್ಲ. "ಹೋಗಿ ಹನ್ನೆರಡು ವರ್ಷ ಆಯ್ತು."

"ಫಾದರ್ ಕರೆದ್ರಲ್ಲ."

"ಕರೆದ್ರು. ಪಾಪ, ಒಳ್ಳೇವರು." ಕೊನೆಯ ತಟ್ಟೆಯನ್ನು ಇಟ್ಟು ತಲೆ ಎತ್ತಿದಳು. "ಅವನು ಯಾರ ಗಂಡ ಅಂತ ನಂಗೊತ್ತಿಲ್ಲ ಅಂದ್ಕೊಂಡಿದ್ರಾ?"

ಡಿಂಪ್ನಾಳ ಕೈಯಲ್ಲಿದ್ದ ಟೀಪಾಟು ಒಂದು ಕಡೆ ವಾಲಿ ಟೀ ಕೊಳವೆಯಿಂದ ನೆಲಕ್ಕೆ ಸುರಿಯತೊಡಗಿತು. ಹನ್ನೆರಡು ವರ್ಷ ಅವಳು ಯಾರ ಮೇಲೆ ಕಲ್ಲು ಎತ್ತಿ ಹಿಡಿದಿದ್ದಳೋ ಆ ಹೆಂಗಸು ಅವಳ ಮಾತನ್ನೇ, ಅವಳಿಗಿಂತ ಮೆಲ್ಲಗೆ ಹೇಳಿದ್ದಳು. ಊರಿನಲ್ಲಿ ಡಿಂಪ್ನಾಳ ಮದುವೆಯನ್ನು ನಂಬಿದವರು ಒಬ್ಬರಲ್ಲ, ಇಬ್ಬರು. ಎರಡನೆಯವಳು ಇವಳೇ.

ಡಿಂಪ್ನಾ ಟೀಪಾಟು ಕೆಳಗಿಟ್ಟು ಏಪ್ರನ್ ಬಿಚ್ಚಿದಳು.

"ಪೆಟ್ಟಿಗೆ ಬ್ರೀಜಿ ಮನೆಗೆ ಹೋಗ್ಬೇಕು," ಎಂದಳು. ದನಿಯಲ್ಲಿ ಸಿಟ್ಟು ಹಾಗೇ ಇತ್ತು. "ನೀನೇ ಒಯ್ಯಿ. ನೀನು ಈ ಮನೆ ಹೆಂಗಸಲ್ಲ, ಅದೇನೂ ಬದಲಾಗಲ್ಲ. ಆದ್ರೆ ಇವತ್ತು ಇಲ್ಲಿ ದೇವರಿಗೆ ಹೆದರಿದೋಳು ನೀನೊಬ್ಳೇ."

ಮರುದಿನ ಇಮೆಲ್ಡಾ ಪೆಟ್ಟಿಗೆ ತಂದು ನನ್ನ ಕೈಗೆ ಕೊಟ್ಟಳು. ಹೇಳಬೇಕಾದ ಮಾತು ಹೇಳಿದಳು. ಟೀ ಕುಡಿಯಲು ಕುಳಿತಳು, ಕುಡಿಯಲಿಲ್ಲ. ಎದ್ದು ಹೋಗುವಾಗ ಸ್ಲೈಗೋದಲ್ಲಿ ಅಣ್ಣ ಇದ್ದಾನೆ, ಅಲ್ಲೊಂದು ಔಷಧಿ ಅಂಗಡಿಯಲ್ಲಿ ಕೆಲಸವಿದೆಯಂತೆ ಎಂದಳು. ಕ್ರಿಸ್ಮಸ್ಸಿಗೆ ಮೊದಲೇ ಹೋದಳು. ಆ ವರ್ಷದ ಕ್ರಿಸ್ಮಸ್ ಪೂಜೆಯಲ್ಲಿ, ಸ್ಲೈಗೋದ ಯಾವುದೋ ಇಗರ್ಜಿಯಲ್ಲಿ, ಅವಳು ಎದ್ದು ಹೋಗಿರಬೇಕು ಎಂದು ನಾನು ಅಂದುಕೊಂಡೆ. ಅಷ್ಟಾದರೂ ಆಗಿರಲಿ ಎಂದು ಪ್ರಾರ್ಥಿಸಿದೆ.

ಊರು ಡಿಂಪ್ನಾಳನ್ನು ಸುಮ್ಮನೆ ಬಿಡಲಿಲ್ಲ. ಹೊಟ್ಟೆಕಿಚ್ಚಿನಿಂದ ಒಂದು ಸಂಸಾರ ಒಡೆದಳು ಎಂದರು. ಯಾವ ಸಂಸಾರ, ಯಾರು ಒಡೆದದ್ದು ಎಂದು ನಾನು ಹಾಲಿನ ಡೈರಿಯ ಮುಂದೆ ಜಗಳಕ್ಕೇ ನಿಂತೆ. ನನ್ನನ್ನೂ ಹುಚ್ಚಿ ಎಂದರು.

ಫೆಸ್ಟಸ್‌ಗೆ ಒಬ್ಬನೇ ಇದ್ದು ಅಭ್ಯಾಸವಿರಲಿಲ್ಲ. ತಾಯಿ, ಹೆಂಡತಿ, ಇಮೆಲ್ಡಾ: ಒಂದು ಮೊಟ್ಟೆ ಬೇಯಿಸಿಕೊಳ್ಳಲೂ ಅವನನ್ನು ಯಾರೂ ಬಿಟ್ಟಿರಲಿಲ್ಲ. ಆ ದೊಡ್ಡ ಕಿಟಕಿಗಳು ಉಪ್ಪುಗಾಳಿಗೆ ಮಬ್ಬಾದವು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಮಧ್ಯಾಹ್ನ, ಆಲಿಕಲ್ಲು ಮಳೆ ಆಗಷ್ಟೇ ನಿಂತಿತ್ತು, ನಾನು ಹಿತ್ತಲಲ್ಲಿ ಬಟ್ಟೆ ಹರಡುತ್ತಿದ್ದೆ. ಅವನು ಡಿಂಪ್ನಾಳ ಬಾಗಿಲ ಮುಂದೆ ಚೀಲ ಹಿಡಿದು ನಿಂತಿದ್ದ. ನಗೆಯನ್ನೂ ಜೊತೆಗೇ ತಂದಿದ್ದ.

"ಗಂಡ, ಗಂಡ ಅಂತ ಊರೆಲ್ಲ ಸಾರ್ಕೊಂಡು ಬಂದ್ಯಲ್ಲ. ತಗೋ, ಬಂದಿದೀನಿ."

ನನ್ನ ಕೈಯಲ್ಲಿದ್ದ ಒದ್ದೆ ದುಪ್ಪಟಿ ಹಾಗೇ ನಿಂತಿತು. ನಾನಾಗಿದ್ದರೆ ನಾಯಿ ಬಿಡುತ್ತಿದ್ದೆ. ಡಿಂಪ್ನಾ ಬಾಗಿಲ ಚೌಕಟ್ಟನ್ನು ಎರಡು ಕೈಯಲ್ಲೂ ಹಿಡಿದು ನಿಂತಿದ್ದಳು. ಇಷ್ಟು ವರ್ಷ ಅವಳು ಹೇಳಿಕೊಂಡು ಬಂದ ಒಂದೇ ಮಾತು ಈಗ ಎದ್ದು ಬಂದು ಬೂಟು ಹಾಕಿಕೊಂಡು ಎದುರಿಗೆ ನಿಂತಿತ್ತು. ಹೋಗು ಎಂದರೆ ಕೋರ್ಟು ಸರಿ, ಊರು ಸರಿ, ಫಾದರ್ ಸರಿ. ಅವಳೊಬ್ಬಳೇ ಸುಳ್ಳು.

"ಮೊದ್ಲು ಪಾಪನಿವೇದನೆ ಮಾಡ್ಕೊಂಡು ಬಾ," ಎಂದಳು. "ಟಿಯರ್ನಿ ಹತ್ರ ಅಲ್ಲ, ಅವ್ರು ನಿಂಗೆ ಬೆನ್ನು ತಟ್ಟಿ ಕಳಿಸ್ತಾರೆ. ಬೆಟ್ಟದಾಚೆ ಮುದುಕರು ಫಾದರ್ ಮೊರನ್ ಇದ್ದಾರಲ್ಲ, ಅವ್ರ ಹತ್ರ. ಆಮೇಲೆ ಸ್ಲೈಗೋಗೆ ಹೋಗು. ಆ ಹುಡುಗಿ ಹತ್ರ ಕ್ಷಮೆ ಕೇಳು. ಎರಡೂ ಮಾಡದೆ ಈ ಹೊಸ್ತಿಲು ತುಳೀಬೇಡ."

ಬಾಗಿಲು ಮುಚ್ಚಿತು. ಅವನು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಲು ನೋಡಿದ, ಆಗಲಿಲ್ಲ. ಮತ್ತೆ ಬರುವುದಿಲ್ಲ ಎಂದುಕೊಂಡೆ. ಬರದೇ ಇರಲಿ ಎಂದೂ ಅಂದುಕೊಂಡೆ.

ಅವನು ಬಂದ. ಮುಂದಿನ ವಾರ, ಅದೇ ಚೀಲ. ಈ ಸಲ ಮುಖದಲ್ಲಿ ನಗೆ ಇರಲಿಲ್ಲ. ಅದಿಲ್ಲದೆ ಅವನು ಬರೀ ಮುದುಕನಾಗಿ ಕಂಡ. ಮೊರನ್ ಹತ್ತಿರ ಪಾಪನಿವೇದನೆ ಆಯಿತು, ಇಮೆಲ್ಡಾ ಬಾಗಿಲು ತೆಗೆಯಲಿಲ್ಲ, ಅಂಚೆ ಹಾಕುವ ಕಿಂಡಿಯಲ್ಲಿ ಬಾಯಿಟ್ಟು ಕ್ಷಮೆ ಕೇಳಿ ಬಂದೆ, ಒಳಗೆ ನಿಂತಿದ್ದಳು, ಕಾಲು ಕಾಣಿಸಿತು ಎಂದ.

"ತೆಗೀದೇ ಇದ್ದದ್ದು ಸರಿ ಮಾಡಿದ್ಳು," ಎಂದ ಡಿಂಪ್ನಾ ಪಕ್ಕಕ್ಕೆ ಸರಿದಳು. "ಹಿಂದಿನ ಕೋಣೆ. ಬೂಟು ಹೊರಗೆ."

ಆಗಿನಿಂದ ಅವನು ಆ ಮನೆಯಲ್ಲಿದ್ದಾನೆ. ಅವನ ಕೋಣೆ ಅವನದು, ಅವಳದು ಅವಳದು. ಊಟ ಒಂದೇ ಮೇಜಿನಲ್ಲಿ. ಪೀಟ್ ಹೊರುವುದು, ಕೋಳಿಗೂಡು ತೊಳೆಯುವುದು, ಪಾತ್ರೆ ಒರೆಸುವುದು ಈಗ ಅವನ ಕೆಲಸ. ಒರೆಸಿದ್ದು ಸರಿಯಿಲ್ಲದಿದ್ದರೆ ಪಾತ್ರೆ ಸದ್ದು ಮಾಡುತ್ತ ಮತ್ತೆ ತೊಟ್ಟಿಗೆ ಬೀಳುವುದು ನನಗೆ ಗೋಡೆಯಾಚೆಗೂ ಕೇಳುತ್ತದೆ. ಮನೆ ಒಡೆದವಳು ಎಂದ ಊರೇ ಈಗ ಅವಳನ್ನು ಮಾನ ಇಲ್ಲದವಳು ಎನ್ನುತ್ತದೆ. ಪೇಟೆಯಲ್ಲಿ ಓದಿದ ನನ್ನ ಸೊಸೆ, ಆಂಟಿ ಹೀಗೆ ಮಾಡಬಾರದಿತ್ತು, ಹೆಂಗಸರೆಲ್ಲ ತಲೆ ತಗ್ಗಿಸುವ ಹಾಗಾಯಿತು ಎಂದಳು. ನನಗೂ ಒಪ್ಪಿಗೆ ಇರಲಿಲ್ಲ. ಈಸ್ಟರ್ ಆದ ಮೇಲೆ ಒಂದು ದಿನ ಗೋಡೆಯ ಹತ್ತಿರ ಕೇಳಿಯೇಬಿಟ್ಟೆ, ಸಿಟ್ಟೆಲ್ಲ ಹೋಯಿತೇ ಎಂದು.

"ಎಲ್ಲಿಗ್ ಹೋಗತ್ತೆ? ಅವನು ಅಗಿಯೋ ಸದ್ದು ಕೇಳಿದ್ರೆ ಉರಿಯತ್ತೆ."

"ಮತ್ತೆ ಈಸ್ಟರ್ ಪೂಜೇಲಿ ಪರಮಪ್ರಸಾದ ತಗೊಂಡ್ಯಲ್ಲೇ."

ಮುದುಕ ಮೊರನ್ ಹತ್ತಿರ ತಾನೂ ಹೋಗಿದ್ದೆ ಎಂದಳು. ಅವರು ಸಹಜ ಎನ್ನಲಿಲ್ಲವಂತೆ, ಪರವಾಗಿಲ್ಲ ಎನ್ನಲಿಲ್ಲವಂತೆ. ಸಿಟ್ಟು ಇಳಿಯಲಿ ಎಂದು ಕಾಯುತ್ತಾ ಕುಳಿತರೆ ಸತ್ತೇ ಹೋಗುತ್ತೀಯ, ಅವನಿಗೆ ಕೊಡಬೇಕಾದ ಊಟ ಕೊಡು, ಅವನು ಕೆಟ್ಟು ಹೋಗಲಿ ಎಂದು ಬಯಸುವುದನ್ನು ಬಿಡು, ಉಳಿದದ್ದು ನನಗೆ ಬೇಡ ಎಂದರಂತೆ.

"ಸಂತೋಷವಾಗಿದ್ದೀಯೇನೇ?" ಎಂದೆ. ಬಾಯಿಂದ ಜಾರಿದ ಮೇಲೆ ಎಂಥ ಪೆದ್ದು ಪ್ರಶ್ನೆ ಅನ್ನಿಸಿತು.

ಡಿಂಪ್ನಾ ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕು.

"ಮದುವೆ ದಿನ ಪೀಠದ ಮುಂದೆ ಫಾದರ್ ನನ್ನನ್ನ ಸಂತೋಷವಾಗಿರ್ತೀಯಾ ಅಂತ ಕೇಳ್ಲಿಲ್ಲ ಬ್ರೀಜಿ. ಇರ್ತೀಯಾ ಅಂತ ಕೇಳಿದ್ರು."

ಒಳಗಿನಿಂದ ಫೆಸ್ಟಸ್ ಉಪ್ಪು ಎಲ್ಲಿದೆ ಎಂದು ಕೂಗಿದ. ಇಟ್ಟಲ್ಲೇ ಇದೆ ಎಂದು ಅವಳು ಅಷ್ಟೇ ಗಟ್ಟಿಯಾಗಿ ಕೂಗಿದಳು. ಅವನಿಗೆ ಸಿಗಲಿಲ್ಲವೆಂದು ಕಾಣುತ್ತದೆ, ಮತ್ತೆ ಕೂಗಿದ. ಡಿಂಪ್ನಾ ಕೈಯ ಮಣ್ಣನ್ನು ಕೊಡವಿ, ಏನೋ ಬೈದುಕೊಳ್ಳುತ್ತ, ದಪದಪ ಹೆಜ್ಜೆ ಹಾಕುತ್ತ ಒಳಗೆ ಹೋದಳು.